ರಿಪೇರಿ ಮುಗಿದ ಹಳೆಯ ಲಾರಿ ಸ್ಟಾರ್ಟ್ ಆಗದಿದ್ದರೆ

ಕ್ಲಚ್ ಪ್ಲೇಟ್ ಬದಲಾಯಿಸಲೆಂದೋ ಡೀಸೆಲ್ ಫಿಲ್ಟರ್ ಹಾಕಿಸಲೆಂದೋ ಗ್ಯಾರೇಜಿಗೆ ತಾನಾಗಿ ಓಡಿಕೊಂಡು ಬಂದ ಲಾರಿ ಕೆಲಸವೆಲ್ಲ ಮುಗಿದ ಮೇಲೆ ಸ್ಟಾರ್ಟ್ ಆಗದೆ ನಿಂತುಬಿಡುವ ಸಂಕಟ ಮಲ್ಪೆಯ ಮೀನಿನ ಲಾರಿಯವರಿಗೂ ಬೈಕಂಪಾಡಿಯ ಸರಕು ಲಾರಿಯವರಿಗೂ ಹೊಸತಲ್ಲ. ಬರುವಾಗ ಸರಿಯಿದ್ದ ಎಂಜಿನ್ ಒಂದೇ ದಿನದಲ್ಲಿ ಒಳಗಿನಿಂದ ಕೆಟ್ಟುಹೋಗುವುದು ಅಪರೂಪ. ಬಿಚ್ಚಿದ್ದನ್ನು ಮರಳಿ ಜೋಡಿಸುವಾಗ ಉಳಿದ ಕೊರತೆಯೇ ಹೆಚ್ಚಿನ ಸಲ ಕಾರಣ. ಆದ್ದರಿಂದ ಮತ್ತೆ ಮತ್ತೆ ಸೆಲ್ಫ್ (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್) ಹೊಡೆಯುವುದನ್ನು ನಿಲ್ಲಿಸಿ, ಯಾವ ಬೋಲ್ಟು, ಯಾವ ಪೈಪು, ಯಾವ ವೈರು ಬಿಚ್ಚಲಾಗಿತ್ತು ಎಂಬುದನ್ನು ಕೆಲಸ ಮಾಡಿದವರಿಂದಲೇ ಕೇಳಿ ಬರೆದುಕೊಳ್ಳಿ. ಇಲ್ಲಿ ಹೇಳುತ್ತಿರುವುದು ಮೆಕ್ಯಾನಿಕಲ್ ಡೀಸೆಲ್ ಪಂಪ್ ಇರುವ ಹಳೆಯ ಲಾರಿಗಳಿಗೆ ಸಂಬಂಧಿಸಿದ್ದು.

ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆ ಸೆಲ್ಫ್ ಹೇಗೆ ತಿರುಗುತ್ತದೆ ಎಂದು ಗಮನಿಸಿ. ತಿರುಗದಿದ್ದರೆ ಅಥವಾ ಎಳೆದಾಡಿದರೆ ಡೀಸೆಲ್ ಕಡೆಗೆ ಹೋಗುವ ಅಗತ್ಯವೇ ಇಲ್ಲ. ಪೂರ್ತಿ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸಬೇಕು. 24 ವೋಲ್ಟಿನ ಲಾರಿಯಲ್ಲಿ ಎರಡೂ ಬ್ಯಾಟರಿಗಳನ್ನು ಬೇರೆಬೇರೆಯಾಗಿ ಅಳೆಯಬೇಕು. ಸೆಲ್ಫ್ ಹೊಡೆಯುವಾಗ ಒಂದೊಂದು ಬ್ಯಾಟರಿಯ ವೋಲ್ಟೇಜ್ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿಯನ್ನೇ ಶಂಕಿಸಬೇಕಾಗುತ್ತದೆ.

ಬ್ಯಾಟರಿ ಸರಿಯಿದ್ದೂ ಸೆಲ್ಫ್ ನಿಧಾನವಾದರೆ ಅರ್ತ್, ಅಂದರೆ ಬ್ಯಾಟರಿಯ ನೆಗೆಟಿವ್ ಅನ್ನು ಚಾಸಿಸ್‌ಗೂ ಎಂಜಿನ್ನಿಗೂ ಸೇರಿಸುವ ಜೋಡಣೆ ನೋಡಿ. ಕ್ಲಚ್ ಅಥವಾ ಗೇರ್‌ಬಾಕ್ಸ್ ಇಳಿಸಿದ ಲಾರಿಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ಒಂದು ಮಳೆಗಾಲದಲ್ಲಿ ಉಡುಪಿಯಲ್ಲಿ ಕ್ಲಚ್ ಕೆಲಸ ಮುಗಿಸಿ ನಿಲ್ಲಿಸಿದ್ದ ಒಂದು ಟಾಟಾ 407 ಗಾಡಿಯ ಹೆಡ್‌ಲೈಟು ಚೆನ್ನಾಗಿ ಉರಿಯುತ್ತಿತ್ತು, ಆದರೆ ಕೀ ತಿರುಗಿಸಿದೊಡನೆ ಮಂಕಾಗುತ್ತಿತ್ತು. ಆಕ್ಸಿಲರೇಟರ್ ಕೇಬಲ್ ಮುಟ್ಟಿದಾಗ ಬೆಚ್ಚಗಿತ್ತು: ಅರ್ತ್ ದಾರಿ ಸಿಗದ ಕರೆಂಟು ಆ ತೆಳು ಕೇಬಲ್ ಮೂಲಕ ಹರಿಯುತ್ತಿತ್ತು. ಅರ್ತ್ ಪಟ್ಟಿಯನ್ನು ಚಾಸಿಸ್‌ನ ಹೊಸ ಪೇಂಟಿನ ಮೇಲೆಯೇ ಬಿಗಿಯಲಾಗಿತ್ತು. ಬಿಳಿ ಲೋಹ ಕಾಣುವವರೆಗೆ ಕೆರೆದು, ಬಿಗಿದು, ಮೇಲೆ ಗ್ರೀಸ್ ಹಚ್ಚಿದ ನಂತರ ಮೊದಲ ಸಲಕ್ಕೇ ಎಂಜಿನ್ ಎದ್ದಿತು. ಉಪ್ಪುಗಾಳಿಯ ನಮ್ಮ ಕರಾವಳಿಯಲ್ಲಿ ಈ ಜೋಡಣೆಯ ಕೆಳಗೆ ತುಕ್ಕು, ತಾಮ್ರದ ಟರ್ಮಿನಲ್‌ಗಳಲ್ಲಿ ಹಸಿರು ಕಿಲುಬು ಬೇಗ ಹಿಡಿಯುತ್ತದೆ. ಮೀಟರ್ ಇದ್ದರೆ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೂ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷ ಅಲ್ಲಿಯೇ ಇದೆ.

ಸೆಲ್ಫ್ ಚುರುಕಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಸೈಲೆನ್ಸರ್ ನೋಡಿ. ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿದೆ, ಉರಿಯುತ್ತಿಲ್ಲ; ಹೊಗೆಯೇ ಇಲ್ಲದಿದ್ದರೆ ತಲುಪುತ್ತಲೇ ಇಲ್ಲ. ಆಗ ಎಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ಕೇಬಲ್ ಡೀಸೆಲ್ ಪಂಪಿನ ಲಿವರನ್ನು ಎಳೆದು ಹಿಡಿದಿದೆಯೇ ಎಂದು ಪರೀಕ್ಷಿಸಿ. ಕೇಬಲ್ ಬದಲು ಸೊಲೆನಾಯ್ಡ್ (ಕರೆಂಟಿನಿಂದ ಡೀಸೆಲ್ ದಾರಿ ತೆರೆಯುವ ಸಾಧನ) ಇರುವ ಗಾಡಿಯಾದರೆ ಕೀ ಹಾಕಿದಾಗ ಟಕ್ ಎಂಬ ಸದ್ದು ಕೇಳಬೇಕು.

ಫಿಲ್ಟರ್ ಬದಲಾಯಿಸಿದ್ದರೆ ಡೀಸೆಲ್ ಲೈನ್ ಏರ್ ಹಿಡಿದಿರುವ, ಅಂದರೆ ಪೈಪಿನೊಳಗೆ ಗಾಳಿ ಸೇರಿರುವ ಸಾಧ್ಯತೆಯೇ ಹೆಚ್ಚು. ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಫೀಡ್ ಪಂಪಿನ ಕೈಪಂಪನ್ನು ಒತ್ತುತ್ತಾ ಹೋಗಿ. ಮೊದಲು ನೊರೆನೊರೆಯಾಗಿ ಬರುವ ಡೀಸೆಲ್, ಗುಳ್ಳೆಯಿಲ್ಲದೆ ತಿಳಿಯಾಗಿ ಹರಿಯತೊಡಗಿದಾಗ, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಮುಂದೆ ಡೀಸೆಲ್ ಪಂಪಿನ ಏರ್ ಸ್ಕ್ರೂ, ಕೊನೆಗೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳ ಪೈಪಿನ ನಟ್ಟು. ನಟ್ಟುಗಳನ್ನು ಅರ್ಧ ಸುತ್ತು ಮಾತ್ರ ಸಡಿಲಿಸಿ ಸೆಲ್ಫ್ ಹೊಡೆಸಬೇಕು. ಅಲ್ಲಿನ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗುವಷ್ಟು ಒತ್ತಡದ್ದಾದ್ದರಿಂದ ಕೈ ಮತ್ತು ಮುಖವನ್ನು ದಯವಿಟ್ಟು ದೂರವಿಡಿ.

ಎಷ್ಟು ಒತ್ತಿದರೂ ಗುಳ್ಳೆ ನಿಲ್ಲದಿದ್ದರೆ, ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ ಎಲ್ಲೋ ಗಾಳಿ ಎಳೆಯುತ್ತಿದೆ. ಈ ಭಾಗದಲ್ಲಿ ಪಂಪು ಹೀರುವುದರಿಂದ ಸೋರಿಕೆಯಿದ್ದರೂ ಡೀಸೆಲ್ ಹನಿ ಹೊರಗೆ ಕಾಣದಿರಬಹುದು. ಶುದ್ಧ ಡೀಸೆಲ್ ತುಂಬಿದ ಕ್ಯಾನಿನಿಂದ ಫೀಡ್ ಪಂಪಿಗೆ ನೇರವಾಗಿ ಒಂದು ಪೈಪು ಕೊಟ್ಟು ನೋಡಿ. ಆಗ ಎಂಜಿನ್ ಎದ್ದರೆ ಟ್ಯಾಂಕ್ ಕಡೆಯ ಪೈಪು ಮತ್ತು ಮರುಬಳಸಿದ ಹಳೆಯ ಕಾಪರ್ ವಾಷರ್‌ಗಳನ್ನು ಬದಲಾಯಿಸಿ.

ಡೀಸೆಲ್ ಪಂಪನ್ನೇ ಇಳಿಸಿದ್ದರೆ ಟೈಮಿಂಗ್ ಗುರುತು (ಡೀಸೆಲ್ ಚಿಮ್ಮುವ ಹೊತ್ತನ್ನು ಹೊಂದಿಸುವ ಗುರುತು) ತಪ್ಪಿರಬಹುದು. ಅದನ್ನು ಅಂದಾಜಿನ ಮೇಲೆ ತಿರುಗಿಸದೆ ಪಂಪ್ ಕೆಲಸ ಬಲ್ಲವರಿಗೇ ಬಿಡಿ.

ಇಷ್ಟರ ನಡುವೆ ಸೆಲ್ಫನ್ನು ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ಮಧ್ಯೆ ಒಂದೆರಡು ನಿಮಿಷ ಬಿಡುವು ಕೊಡಿ. ಏರ್ ಫಿಲ್ಟರಿಗೆ ಪೆಟ್ರೋಲ್ ಸುರಿಯುವ ಅಭ್ಯಾಸ ಬೆಂಕಿಗೂ ಪಿಸ್ಟನ್ ಒಡೆಯುವುದಕ್ಕೂ ದಾರಿಯಾಗುವುದರಿಂದ ಅದನ್ನು ಮಾಡಲೇಬೇಡಿ. ಎಂಜಿನ್ ಎದ್ದ ನಂತರ ಸಡಿಲಿಸಿದ ಪ್ರತಿ ನಟ್ಟನ್ನೂ ಬಟ್ಟೆಯಿಂದ ಒರೆಸಿ ಸೋರಿಕೆ ನೋಡಿ, 20 ನಿಮಿಷವಾದರೂ ಓಡಲು ಬಿಡಿ. ಉಳಿದ ಗಾಳಿಯಿಂದ ಗಾಡಿ ನಿಲ್ಲುವುದಿದ್ದರೆ ಅದು ಗ್ಯಾರೇಜಿನ ಅಂಗಳದಲ್ಲೇ ನಿಲ್ಲಲಿ, ಶಿರಾಡಿ ಘಾಟಿಯ ತಿರುವಿನಲ್ಲಿ ಬೇಡ.