ಪಿಎಚ್.ಡಿ: ಮೊದಲು ಪ್ರಶ್ನೆ, ಆಮೇಲೆ ಅರ್ಜಿ

ಸಮಾಜಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳಲ್ಲಿ ಎಂ.ಎ. ಮುಗಿಸಿದ ಮಲೆನಾಡಿನ ಹಲವು ವಿದ್ಯಾರ್ಥಿಗಳು ಪಿಎಚ್.ಡಿ ಅಧಿಸೂಚನೆ ಹೊರಬಿದ್ದ ಮೇಲೆ ವಿಷಯ ಹುಡುಕಲು ಕೂರುತ್ತಾರೆ. ಕೊನೆಯ ದಿನಾಂಕ ಹತ್ತಿರವಾದಾಗ ‘ಶಿವಮೊಗ್ಗ ಜಿಲ್ಲೆಯಲ್ಲಿ ಮಹಿಳಾ ಸಬಲೀಕರಣ: ಒಂದು ಅಧ್ಯಯನ’ ಎಂಬಂಥ ಶೀರ್ಷಿಕೆಯೊಂದು ಹೇಗೋ ಸಿದ್ಧವಾಗುತ್ತದೆ; ಆಮೇಲಿನ ವರ್ಷಗಳು ಆ ಶೀರ್ಷಿಕೆಗೆ ತಕ್ಕ ಪ್ರಶ್ನೆಯನ್ನು ಹುಡುಕುವುದರಲ್ಲೇ ಸವೆದುಹೋಗುತ್ತವೆ. ಈ ಕ್ರಮ ತಿರುವುಮುರುವಾಗಬೇಕು. ಎಂ.ಎ. ಕೊನೆಯ ವರ್ಷದಲ್ಲೇ ಪ್ರಶ್ನೆ ಕೈಯಲ್ಲಿದ್ದರೆ ಉಳಿದದ್ದೆಲ್ಲ ಸುಲಭವಾಗುತ್ತದೆ.

ಪ್ರಶ್ನೆಗಾಗಿ ದೂರ ಹೋಗಬೇಕಾಗಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. 1974ರ ಭೂಸುಧಾರಣಾ ತಿದ್ದುಪಡಿಯಿಂದ ರಾಜ್ಯದಲ್ಲಿ ಉಳುವವರು ಭೂಮಿಯ ಒಡೆಯರಾದರು. ಇದು ಎಲ್ಲರಿಗೂ ತಿಳಿದ ಚರಿತ್ರೆ. ಆದರೆ ಹಾಗೆ ಭೂಮಿ ಪಡೆದ ಕುಟುಂಬಗಳ ಮೂರನೆಯ ತಲೆಮಾರಿನ ಕೈಯಲ್ಲಿ ಇಂದು ಎಷ್ಟು ಜಮೀನು ಉಳಿದಿದೆ, ಪಾಲಾದಾಗ ಹೆಣ್ಣುಮಕ್ಕಳ ಹೆಸರು ಪಹಣಿಗೆ ಬಂದಿದೆಯೇ ಎಂದು ಒಂದೆರಡು ಊರುಗಳಲ್ಲಿ ಹುಡುಕಿ ನೋಡುವುದು ಸಂಶೋಧನೆ. ಇದಕ್ಕೆ ಬೇಕಾದ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆ) ದಾಖಲೆ, ಒಡೆತನ ಕೋರಿ ಗೇಣಿದಾರರು ಭೂನ್ಯಾಯ ಮಂಡಳಿಗೆ ಸಲ್ಲಿಸಿದ ನಮೂನೆ 7ರ ಅರ್ಜಿಗಳನ್ನು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಬೇಕು. ಹಾಗೆಯೇ, ಲಿಂಗನಮಕ್ಕಿ ಅಣೆಕಟ್ಟಿನಿಂದ ಮುಳುಗಿದ ಊರುಗಳವರ ಇಂದಿನ ಭೂಹಕ್ಕು, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ಭಯವು ಕಾಡಿಗೆ ಹೋಗುವ ಕೂಲಿಕಾರರ ಬದುಕನ್ನು ಬದಲಿಸಿದ ಬಗೆ, ಇವೂ ತಕ್ಕ ವಿಷಯಗಳೇ. ಯಾರನ್ನು ಕೇಳುತ್ತೀರಿ, ಯಾವ ದಾಖಲೆ ನೋಡುತ್ತೀರಿ, ಯಾವ ಊರಿನಲ್ಲಿ ಎಂಬ ಮೂರಕ್ಕೂ ಉತ್ತರ ಸಿಗದಿದ್ದರೆ ಪ್ರಶ್ನೆಯನ್ನು ಇನ್ನಷ್ಟು ಕಿರಿದಾಗಿಸಿ.

ಮುಂದಿನ ಕೆಲಸ, ಅದೇ ಪ್ರಶ್ನೆಯನ್ನು ಬೇರೆಯವರು ಕೇಳಿದ್ದಾರೆಯೇ ಎಂದು ನೋಡುವುದು. ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ‘ಶೋಧಗಂಗಾ’ ಜಾಲತಾಣದಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಹುಡುಕುವಾಗ ಒಂದು ಎಚ್ಚರ ಬೇಕು: ಶಿವಮೊಗ್ಗ ಜಿಲ್ಲೆಯ ಹೆಸರಿನ ಇಂಗ್ಲಿಷ್ ಕಾಗುಣಿತ ಬದಲಾದದ್ದು 2014ರ ನವೆಂಬರ್‌ನಲ್ಲಿ, ಆದ್ದರಿಂದ ಹಳೆಯ (Shimoga) ಮತ್ತು ಹೊಸ (Shivamogga) ಎರಡೂ ರೂಪಗಳಲ್ಲಿ ಹುಡುಕಬೇಕು.

ಇನ್ನು ಅರ್ಹತೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿಯಂತೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ 5ರ ವಿನಾಯಿತಿಗೆ ಅವಕಾಶವಿದೆ. ಎಂ.ಫಿಲ್ ಅನ್ನು ಇದೇ ನಿಯಮಾವಳಿ ಕೈಬಿಟ್ಟಿದೆ. ಯಾರಾದರೂ ಈಗಲೂ ಎಂ.ಫಿಲ್ ಪ್ರವೇಶ ಕೊಡುವುದಾಗಿ ಹೇಳಿದರೆ ದುಡ್ಡು ಕಟ್ಟಬೇಡಿ. ಪ್ರವೇಶಕ್ಕೆ ವಿಶ್ವವಿದ್ಯಾಲಯದ ಪರೀಕ್ಷೆ ಒಂದು ದಾರಿ, ವರ್ಷಕ್ಕೆ ಎರಡು ಬಾರಿ ನಡೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ (ನೆಟ್) ಇನ್ನೊಂದು. ನೆಟ್ ಮೂಲಕ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ ₹37,000, ಆಮೇಲೆ ₹42,000 ಎಂದು 2023ರಲ್ಲಿ ನಿಗದಿಯಾಗಿದೆ. ಮನೆಯಿಂದ ಹಣ ತರಲಾಗದ ವಿದ್ಯಾರ್ಥಿಗೆ ಇದು ಬಹಳ ದೊಡ್ಡ ಆಸರೆ. ಆದ್ದರಿಂದ ನೆಟ್ ಪ್ರಯತ್ನವನ್ನು ಬಿಡಲೇಬಾರದು.

ಮಾರ್ಗದರ್ಶಕರ ಆಯ್ಕೆಯಲ್ಲಿ ಹೆಸರಿಗಿಂತ ಹೊಂದಾಣಿಕೆ ಮುಖ್ಯ. ಶಂಕರಘಟ್ಟದ ಜ್ಞಾನಸಹ್ಯಾದ್ರಿಯಲ್ಲಿರುವ ಕುವೆಂಪು ವಿಶ್ವವಿದ್ಯಾಲಯವಿರಲಿ, ಬೇರೆ ಯಾವುದೇ ಇರಲಿ, ಪ್ರಾಧ್ಯಾಪಕರು ಒಮ್ಮೆಗೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ವಿದ್ಯಾರ್ಥಿಗಳನ್ನಷ್ಟೇ ತೆಗೆದುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ನಿಮಗೆ ಹೊಂದುವ ಮಾರ್ಗದರ್ಶಕರ ಲೇಖನಗಳನ್ನು ಓದಿ, ನಿಮ್ಮ ಪ್ರಶ್ನೆಯನ್ನು ಎರಡು ಪುಟದಲ್ಲಿ ಬರೆದುಕೊಂಡು ಹೋಗಿ ಭೇಟಿಯಾಗಿ. ಬರಿಗೈಯಲ್ಲಿ ಹೋಗಿ ‘ವಿಷಯ ನೀವೇ ಕೊಡಿ ಸಾರ್’ ಎಂದರೆ ಅವರ ವಿಷಯ ನಿಮ್ಮದಾಗುತ್ತದೆ, ಪ್ರಶ್ನೆ ನಿಮ್ಮದಾಗುವುದಿಲ್ಲ.

ಪ್ರವೇಶದ ನಂತರ ಕನಿಷ್ಠ 12 ಕ್ರೆಡಿಟ್‌ನ ಕೋರ್ಸ್‌ವರ್ಕ್ ಇರುತ್ತದೆ. ಸಂಶೋಧನಾ ವಿಧಾನದ ಜೊತೆಗೆ ಪ್ರಕಟಣೆಯ ನೀತಿಯೂ ಅದರಲ್ಲಿ ಸೇರಿದೆ.

ನಿಜವಾದ ಪರೀಕ್ಷೆ ಕ್ಷೇತ್ರಕಾರ್ಯ. ಬಯಲುಸೀಮೆಯ ಊರಿನಂತೆ ಇಲ್ಲಿ ಮನೆಗಳು ಒಂದೆಡೆ ಇಲ್ಲ. ತೋಟ, ಗದ್ದೆ, ಕಾಡಿನ ನಡುವೆ ಚದುರಿದ ಒಂಟಿಮನೆಗಳನ್ನು ಮುಟ್ಟಲು ನಡಿಗೆಯೇ ದಾರಿಯಾದಾಗ, ಪಠ್ಯದಲ್ಲಿ ಓದಿದ ಲೆಕ್ಕದಲ್ಲಿ ದಿನಕ್ಕಿಷ್ಟು ಸಂದರ್ಶನ ಎಂದು ವೇಳಾಪಟ್ಟಿ ಹಾಕುವುದು ವ್ಯರ್ಥ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯನ್ನು ದಾಖಲೆಗಳ ಓದಿಗೆ ಇಟ್ಟುಕೊಳ್ಳಿ. ಅಡಿಕೆ ಗೊನೆಯ ಕೊಯ್ಲು, ಸುಲಿತದ ತಿಂಗಳುಗಳಲ್ಲಿ ಯಾರಿಗೂ ಕೂತು ಮಾತನಾಡಲು ಪುರುಸೊತ್ತಿರುವುದಿಲ್ಲ; ಆದರೆ ಕೂಲಿಯ ಕುರಿತ ಅಧ್ಯಯನವಾದರೆ ಅದೇ ಹೊತ್ತಿನಲ್ಲಿ ಅಂಗಳದಲ್ಲಿ ಕೂತು ನೋಡಲೇಬೇಕು. ಬೇಸಿಗೆಗೆ ಮುನ್ನ ಕೆಲಸ ಇಳಿದ ಮೇಲೆ ದೀರ್ಘ ಸಂದರ್ಶನಗಳು ಸಾಧ್ಯ. ಮಂಗನ ಕಾಯಿಲೆ ಕಾಣಿಸಿಕೊಂಡ ಕಡೆ ಕಾಡಂಚಿಗೆ ಹೋಗುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿಕೊಳ್ಳಿ.

ಮಾತಾಡಿದವರ ಒಪ್ಪಿಗೆ ಪಡೆಯುವುದೆಂದರೆ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದಷ್ಟೇ ಅಲ್ಲ. ಜಮೀನಿನ ವಿಚಾರ ಎತ್ತಿದೊಡನೆ ಸಹಿ ಕೇಳಿದರೆ, ಬಗರ್‌ಹುಕುಂ (ಅನುಮತಿಯಿಲ್ಲದೆ ಉಳುತ್ತಿರುವ ಸರ್ಕಾರಿ ಜಮೀನಿನ ಸಕ್ರಮ) ಅರ್ಜಿ ಹಾಕಿ ಕಾದಿರುವ ರೈತನಿಗೆ ನೀವು ಸರ್ಕಾರದ ಕಡೆಯವರೆಂಬ ಭಯ ಹುಟ್ಟುತ್ತದೆ. ನೀವು ಯಾರ ಮಗ, ಯಾರ ಮಗಳು, ಯಾವ ಊರಿನವರು, ಬರೆದದ್ದನ್ನು ಏನು ಮಾಡುತ್ತೀರಿ ಎಂಬುದನ್ನು ಮೊದಲು ಹೇಳಿ. ಸಣ್ಣ ಊರಿನಲ್ಲಿ ವ್ಯಕ್ತಿಯ ಹೆಸರು ಬದಲಿಸಿದರೆ ಸಾಲದು. ಎಷ್ಟು ಎಕರೆ ತೋಟ, ಯಾವ ಕೇರಿ ಎಂಬ ವಿವರದಿಂದಲೇ ಊರಿನವರು ಗುರುತು ಹಿಡಿಯುತ್ತಾರೆ. ಗುರುತು ಸಿಗುವ ವಿವರ ವಾದಕ್ಕೆ ಅಗತ್ಯವಿಲ್ಲದಿದ್ದರೆ ಬಿಟ್ಟುಬಿಡಿ.

ಬರವಣಿಗೆಯನ್ನು ಕೊನೆಗೆ ಉಳಿಸಿಕೊಳ್ಳಬೇಡಿ. ಕ್ಷೇತ್ರದಿಂದ ಬಂದ ರಾತ್ರಿಯೇ ಟಿಪ್ಪಣಿ ಬರೆದಿಡಿ. ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ, ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆರಡು ವರ್ಷ ಸಿಗಬಹುದು. ಮಹಿಳೆಯರು 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಯನ್ನೂ ಪಡೆಯಬಹುದು; ಈ ಅವಕಾಶ ತಿಳಿಯದೆ ಅರ್ಧಕ್ಕೆ ಬಿಡುವುದು ಬೇಡ. ಸಲ್ಲಿಸುವ ಮುನ್ನ ಕೃತಿಚೌರ್ಯ ತಪಾಸಣೆ ನಡೆಯುತ್ತದೆ, ಆಮೇಲೆ ಹೊರಗಿನ ಪರೀಕ್ಷಕರ ವರದಿ, ಕೊನೆಗೆ ಮೌಖಿಕ ಪರೀಕ್ಷೆ. ಅಲ್ಲಿ ‘ಈ ಊರನ್ನೇ ಏಕೆ ಆರಿಸಿದಿರಿ?’ ಎಂಬ ಪ್ರಶ್ನೆ ಬಂದಾಗ ಹೇಳಬೇಕಾದ ಉತ್ತರವನ್ನು ಮೊದಲ ಅಧ್ಯಾಯದಲ್ಲೇ ಬರೆದಿರಬೇಕು.