ಗುಂಯ್ ಎನ್ನುವ ಸದ್ದಿನ ಬೆನ್ನು ಹತ್ತಿ

ನಮ್ಮ ಅತ್ತಿಗೆ ಗಮಕಿ. ಅವರ ವಾಚನಕ್ಕೆ ವ್ಯಾಖ್ಯಾನ ಹೇಳುವವರು ಹಿಂದಿನ ಬೀದಿಯ ನಿವೃತ್ತ ಕನ್ನಡ ಮೇಷ್ಟ್ರು. ಶಿವಮೊಗ್ಗದ ಸುತ್ತಮುತ್ತ ಗಮಕ ಕೇಳುವ ಕಿವಿಗಳಿಗೆ ಬರವಿಲ್ಲ. ಹತ್ತಿರದ ಹೊಸಹಳ್ಳಿಯಂತೂ ಅದಕ್ಕೇ ಹೆಸರಾದ ಊರು. ಇಬ್ಬರದನ್ನೂ ರೆಕಾರ್ಡ್ ಮಾಡಿಡೋಣ ಅನ್ನಿಸಿತು. ಸ್ಟುಡಿಯೋದಲ್ಲಿ ಗಂಟೆ ಲೆಕ್ಕದ ಬಾಡಿಗೆ. ಮೇಷ್ಟ್ರು ಒಂದು ಪದ್ಯಕ್ಕೆ ಕೂತರೆ ಗಡಿಯಾರ ನೋಡುವವರಲ್ಲ. ಹಾಗಾಗಿ ಮನೆಯಲ್ಲೇ, ಹಾಸಿಗೆ ಪೇರಿಸಿಡುವ ಒಳಕೋಣೆಯಲ್ಲಿ ಶುರುವಾಯಿತು.

ಮೊದಲು ತಂದದ್ದು ಒಂದು ಯುಎಸ್‌ಬಿ ಮೈಕು. ಇಬ್ಬರನ್ನೂ ಅದರ ಮುಂದೆ ಅಕ್ಕಪಕ್ಕ ಕೂರಿಸಿದೆ. ಮೇಷ್ಟ್ರ ಕೆಮ್ಮು ಅತ್ತಿಗೆಯ ಆಲಾಪದ ಮೇಲೆ ಕೂತಿತು. ಎರಡೂ ಒಂದೇ ಟ್ರ್ಯಾಕು, ಬಿಡಿಸಲು ಬರುವುದಿಲ್ಲ. ಅಲ್ಲಿಗೆ ಎರಡು ಇನ್‌ಪುಟ್ಟಿನ ಆಡಿಯೋ ಇಂಟರ್‌ಫೇಸ್ ಬೇಕೇಬೇಕು ಅಂತಾಯಿತು. ಮೈಕಿನಿಂದ ಬರುವ ಮಿಲಿವೋಲ್ಟ್ ಲೆಕ್ಕದ ಸಿಗ್ನಲ್ಲನ್ನು ದೊಡ್ಡದು ಮಾಡಿ, ಅಂಕಿಗಳಾಗಿ ಬದಲಿಸಿ ಲ್ಯಾಪ್‌ಟಾಪಿಗೆ ಕಳಿಸುವ ಡಬ್ಬಿ ಅದು. ಅತ್ತಿಗೆಗೆ ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕು. ಮೇಷ್ಟ್ರದು ಕ್ಲಾಸ್‌ರೂಮಿನ ಗಂಟಲು, ಮೈಕಿಗೆ ಬಾಯಿ ಹತ್ತಿರ ತಂದೇ ಮಾತಾಡುತ್ತಾರೆ; ಅವರಿಗೆ ಶೂರ್ ಎಸ್‌ಎಂ58 ಎಂಬ, ಹೊರಗಿನ ಕರೆಂಟು ಬೇಡದ ಡೈನಾಮಿಕ್ ಮೈಕು ಸಾಕಾಯಿತು.

ವೈರನ್ನು ಸೌಂಡ್ ಸಿಸ್ಟಮ್ ಅಂಗಡಿಯಲ್ಲಿ ಕೇಳಿದೆ. ಒಂದು ತುದಿಗೆ ಕ್ಯಾನನ್ ಪಿನ್ (ಎಕ್ಸ್‌ಎಲ್‌ಆರ್), ಇನ್ನೊಂದಕ್ಕೆ ಪಿ-38 (ಕಾಲಿಂಚಿನ ಜಾಕ್) ಹಾಕಿದ ರೆಡಿ ವೈರ್ ಕೊಟ್ಟರು. ಇಂಟರ್‌ಫೇಸಿನ ತೂತಿಗೆ ಎರಡೂ ಹಿಡಿಸುತ್ತವಲ್ಲ, ಚುಚ್ಚಿದೆ. ಕಂಡೆನ್ಸರ್ ಮೈಕು ತುಟಿ ಬಿಚ್ಚಲಿಲ್ಲ. ಸತ್ತ ಮೈಕು ಕಳಿಸಿದ್ದಾರೆಂದು ಎರಡು ದಿನ ಮಾರಿದವರನ್ನು ಬೈದುಕೊಂಡೆ. ಕಂಡೆನ್ಸರಿಗೆ ಬೇಕಾದ 48 ವೋಲ್ಟ್ ಫ್ಯಾಂಟಮ್ ಪವರ್ ಹೋಗುವುದು ಮೂರು ಪಿನ್ನಿನ ಕ್ಯಾನನ್ ಮೂಲಕ ಮಾತ್ರ, ಪಿ-38 ತೂತಿನಲ್ಲಿ ಅದು ಇರುವುದೇ ಇಲ್ಲ. ಎರಡೂ ತುದಿಗೆ ಕ್ಯಾನನ್ ಇರುವ ಬ್ಯಾಲೆನ್ಸ್‌ಡ್ ವೈರ್ ತಂದ ಮೇಲೆ ಮೈಕಿಗೆ ಜೀವ ಬಂತು. 48 ವೋಲ್ಟಿನ ಬಟನ್ ನನ್ನ ಡಬ್ಬಿಯಲ್ಲಿ ಎರಡೂ ಇನ್‌ಪುಟ್ಟಿಗೆ ಒಂದೇ. ಎಸ್‌ಎಂ58 ಸುಟ್ಟುಹೋದೀತೆಂದು ಹೆದರಿದ್ದೆ. ವೈರ್ ಸರಿಯಿದ್ದರೆ ಅದಕ್ಕೇನೂ ಆಗುವುದಿಲ್ಲ.

ಜೀವ ಬಂದ ಮೈಕಿನ ಜೊತೆ ಒಂದು ಗುಂಯ್ ಕೂಡ ಬಂತು. ವೈರ್ ಬದಲಿಸಿದೆ, ಟ್ಯೂಬ್‌ಲೈಟ್ ಆರಿಸಿದೆ, ಮೈಕನ್ನೇ ಕಿತ್ತೆ. ಹೋಗಲಿಲ್ಲ. ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಗದ್ದಲ ತೆಗೆಯುವ ಪ್ಲಗಿನ್ ಒಂದನ್ನು ಹಾಕಿದೆ. ಗುಂಯ್ ಹೋಯಿತು, ಅತ್ತಿಗೆಯ ದನಿ ತಗಡಿನ ಡಬ್ಬದೊಳಗಿಂದ ಬಂದ ಹಾಗಾಯಿತು. ಒಂದು ರಾತ್ರಿ ಹೆಡ್‌ಫೋನ್ ಹಾಕಿಕೊಂಡೇ ಲ್ಯಾಪ್‌ಟಾಪಿನ ಲೋಹದ ಮೈ ಸವರಿದಾಗ ಬೆರಳು ಜುಮ್ಮೆಂದಿತು, ಗುಂಯ್ ಕೂಡ ತುಸು ಇಳಿಯಿತು. ಚಾರ್ಜರ್ ಕಿತ್ತೆ. ಪೂರ್ತಿ ಮೌನ! ಮರುದಿನ ಎಲೆಕ್ಟ್ರಿಷಿಯನ್ ಸ್ವಿಚ್‌ಬೋರ್ಡ್ ಬಿಚ್ಚಿ ತೋರಿಸಿದ: ಹಸಿರು ಅರ್ಥಿಂಗ್ ವೈರು ಸಾಕೆಟ್ಟಿಗೆ ಸೇರದೆ ಹಿಂದೆ ಸುರುಳಿ ಸುತ್ತಿಕೊಂಡು ಕೂತಿತ್ತು. ಮನೆ ಕಟ್ಟಿದಾಗಿನಿಂದ ಹಾಗೇ ಇದ್ದಿರಬೇಕು. ಚಾರ್ಜರಿನಿಂದ ಸೋರುವ ಚೂರು ಕರೆಂಟು ಭೂಮಿಗೆ ಇಳಿಯಲು ದಾರಿಯಿಲ್ಲದೆ, ಯುಎಸ್‌ಬಿ ಹಿಡಿದು ಇಂಟರ್‌ಫೇಸಿಗೆ ನುಗ್ಗುತ್ತಿತ್ತು. ಆ ವೈರು ಸೇರಿಸಲು ಅವನಿಗೆ ಐದು ನಿಮಿಷ ಹಿಡಿಯಿತು. ಪ್ಲಗಿನ್ನಿಗೆ ನಾನು ಕೊಟ್ಟ ದುಡ್ಡಿನ ಸುದ್ದಿ ಬೇಡ.

ಗುಂಯ್ ಹೋಯಿತೆಂದು ಬೀಗುತ್ತಿದ್ದವನು ಆಮೇಲೆ ಮಾಡಿದ ತಪ್ಪಿಗೆ ಮಾತ್ರ ರಿಪೇರಿಯಿಲ್ಲ. "ಅತ್ತಿಗೆ, ಸ್ವಲ್ಪ ಹೇಳಿ ನೋಡೋಣ" ಅಂದೆ. ಅವರು ಮೆಲ್ಲಗೆ ಎರಡು ಸಾಲು ಹೇಳಿದರು, ನಾನು ಅದಕ್ಕೆ ತಕ್ಕ ಹಾಗೆ, ಡಬ್ಬಿ ದನಿಯನ್ನು ಎಷ್ಟು ದೊಡ್ಡದು ಮಾಡಬೇಕೆಂದು ಹೇಳುವ ಗೇನ್ ಏರಿಸಿಟ್ಟೆ. ಯುದ್ಧದ ಪದ್ಯ. ಮೂರನೆಯ ಸಾಲಿಗೆ ದನಿ ತಾರಸ್ಥಾಯಿಗೆ ಹಾರಿತು, ಡಬ್ಬಿಯ ದೀಪ ಕೆಂಪಾಯಿತು. ಕೇಳುತ್ತ ಮೈಮರೆತ ನಾನು ದೀಪ ನೋಡಲೇ ಇಲ್ಲ. ಆಮೇಲೆ ಹಾಕಿ ನೋಡಿದರೆ ಷಟ್ಪದಿಯ ತುದಿಯೆಲ್ಲ ಕತ್ತರಿಸಿ ಕರಕರ.

"ಇನ್ನೊಂದ್ಸಲ ಹೇಳ್ತೀರಾ?"

"ಹೇಳ್ತೀನಿ ಕಣೋ. ಆದ್ರೆ ಅದು ಬರಲ್ಲ."

ಬರಲಿಲ್ಲ. ಈಗ ಪದ್ಯದ ಅತಿ ಜೋರಾದ ಸಾಲನ್ನೇ ಮೊದಲು ಹೇಳಿಸಿ, ಅದು ಮೀಟರಿನಲ್ಲಿ ಮೈನಸ್ 12 ಡೆಸಿಬಲ್ (ಸೊನ್ನೆ ದಾಟಿದರೆ ಕತ್ತರಿ) ದಾಟದಂತೆ ಗೇನ್ ಇಡುತ್ತೇನೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವುದರಿಂದ ಸಣ್ಣ ದನಿಯನ್ನು ಆಮೇಲೆ ಎತ್ತಿದರೂ ಹಾಳಾಗುವುದಿಲ್ಲ.

ಗಮಕದಲ್ಲಿ ಮಹಾಪ್ರಾಣ ನುಂಗುವಂತಿಲ್ಲ. ಆದರೆ "ಫಲುಗುಣ" ಅಂದಾಗಲೆಲ್ಲ ಯಾರೋ ಮೈಕಿಗೆ ಗುದ್ದಿದ ಹಾಗೆ ಧಪ್ ಎನ್ನುತ್ತಿತ್ತು. ಕಸೂತಿ ಹಾಕುವ ರಿಂಗಿಗೆ ನೈಲಾನ್ ಸಾಕ್ಸ್ ಎಳೆದು ಕಟ್ಟಿ ಮೈಕಿನ ಮುಂದೆ ನಿಲ್ಲಿಸಿದೆ. ಮೈಕನ್ನು ಮೂಗಿನ ಎತ್ತರಕ್ಕೆ ಏರಿಸಿ ಬಾಯಿಯ ಕಡೆಗೆ ಓರೆ ಮಾಡಿದೆ, ಎಂಟು ಇಂಚು ದೂರ. ಉಸಿರು ಕೆಳಗಿಂದ ಹಾದುಹೋಗುತ್ತದೆ, ಅಕ್ಷರ ಉಳಿಯುತ್ತದೆ.

ವೇದಿಕೆಯ ಮೇಲಿನಂತೆ ಅಕ್ಕಪಕ್ಕ ಕೂರಿಸುವುದನ್ನು ಬಿಟ್ಟು ಇಬ್ಬರನ್ನೂ ಎದುರುಬದುರು ಕೂರಿಸಿದ್ದೇನೆ. ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಹಿಂದಿನದು ಸರಿಯಾಗಿ ಕೇಳಿಸದು. ಒಬ್ಬರ ಮೈಕಿನ ಬೆನ್ನು ಇನ್ನೊಬ್ಬರ ಕಡೆಗಿದೆ. ಕೆಮ್ಮು ಈಗ ಮೇಷ್ಟ್ರ ಟ್ರ್ಯಾಕಿನಲ್ಲೇ ಇರುತ್ತದೆ. ಶ್ರುತಿ ಪೆಟ್ಟಿಗೆಯನ್ನೂ ಹೊರಗಿಟ್ಟೆ. ಅದರ ತಂಬೂರಿ ದನಿ ಎರಡೂ ಮೈಕಿಗೆ ಸೇರಿಕೊಂಡರೆ ಎಲ್ಲಿ ಕತ್ತರಿಸಿದರೂ ತಂಬೂರಿ ಎಗರಿದ್ದು ಗೊತ್ತಾಗುತ್ತದೆ. ಈಗ ತಂಬೂರಿ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನ ಒಂದು ಟ್ರ್ಯಾಕಿನಿಂದ ಹೆಡ್‌ಫೋನಿಗೆ ಮಾತ್ರ ಹೋಗುತ್ತದೆ.

ಹೆಡ್‌ಫೋನ್ ಹಾಕಿದ ದಿನ ಅತ್ತಿಗೆ ನಡುವೆಯೇ ನಿಲ್ಲಿಸಿದರು: "ನನ್ ಹಿಂದೆ ಇನ್ಯಾರೋ ಹೇಳ್ತಿದಾರೆ." ಲ್ಯಾಪ್‌ಟಾಪು ದನಿಯನ್ನು ಕಂತು ಕಂತಾಗಿ ತುಂಬಿಸಿಕೊಳ್ಳುವ ಬಫರ್ 1024 ಸ್ಯಾಂಪಲ್ಲಿನಲ್ಲಿತ್ತು. 48 ಕಿಲೋಹರ್ಟ್ಸ್‌ನಲ್ಲಿ ಅಂದರೆ ಸೆಕೆಂಡಿಗೆ 48 ಸಾವಿರ ಸ್ಯಾಂಪಲ್ಲಿನ ಲೆಕ್ಕದಲ್ಲಿ, ಅಷ್ಟು ತುಂಬಲಿಕ್ಕೇ 21 ಮಿಲಿಸೆಕೆಂಡ್ ಬೇಕು, ಲ್ಯಾಪ್‌ಟಾಪಿಗೆ ಹೋಗಿ ಬರುವಷ್ಟರಲ್ಲಿ ಇನ್ನೂ ತಡ. ಡೈರೆಕ್ಟ್ ಮಾನಿಟರ್ ಒತ್ತಿ, ಅವರ ದನಿ ಇಂಟರ್‌ಫೇಸಿನಿಂದಲೇ ನೇರ ಕಿವಿಗೆ ಹೋಗುವಂತೆ ಮಾಡಿದೆ. ಆ ಇನ್ಯಾರೋ ಹೊರಟುಹೋದರು.

ಕೋಣೆಗೆ ಫೋಮ್ ಅಂಟಿಸಲಿಲ್ಲ. ಹಾಸಿಗೆಗಳಿವೆ, ಅತ್ತಿಗೆಯ ಬೆನ್ನ ಹಿಂದೆ ಹಗ್ಗ ಕಟ್ಟಿ ಎರಡು ಕೌದಿ ಇಳಿಬಿಟ್ಟಿದ್ದೇನೆ. ಕಬ್ಬಿಣದ ಬೀರು ಮಾತ್ರ ಮೇಷ್ಟ್ರ ದನಿಗೆ ಝಣ್ ಅನ್ನುತ್ತಿತ್ತು, ಅದನ್ನು ನಡುಮನೆಗೆ ಸಾಗಿಸಿದೆವು. ತಾರಸಿಯ ಮೇಲೆ ಶೀಟ್ ಹಾಕಿಸಿದ್ದೇವೆ, ಹಾಗಾಗಿ ಆಷಾಢದ ಮಳೆಯಲ್ಲಿ ಕೆಲಸವೇ ಇಲ್ಲ.

ಫ್ಯಾನ್, ಮೋಟರು, ಫ್ರಿಜ್ಜು ಎಲ್ಲ ಆರಿಸಿ ಕೂರುತ್ತೇವೆ. ಫ್ರಿಜ್ಜು ಹಾಕುವುದು ಮರೆತು ಎರಡು ಸಲ ಹಾಲು ಒಡೆದು, ಅಮ್ಮನಿಂದ ಬೈಸಿಕೊಂಡಾಗಿದೆ. ಈಗ ರೆಕಾರ್ಡಿಂಗ್ ಶುರುವಾಗುವ ಮೊದಲು ಮೇಷ್ಟ್ರ ಸ್ಕೂಟರ್ ಕೀಲಿಯನ್ನು ಫ್ರಿಜ್ಜಿನೊಳಗೆ, ಮೊಸರಿನ ಪಾತ್ರೆಯ ಪಕ್ಕ ಇಡುತ್ತೇನೆ.