ಹೊಲದಲ್ಲಿ ಹಳೆ ಕಬ್ಬಿಣ ಸಿಕ್ಕರೆ ತುಕ್ಕು ಕೆರೆಯಬೇಡಿ

ಸುರಪುರ ಸೀಮೆಯ ರಾಜನಕೋಳೂರಿನಲ್ಲಿ ಹಳೆಯ ಕಲ್ಲುಗೋರಿಗಳಿವೆ. ದಕ್ಷಿಣ ಭಾರತದ ಇಂಥ ಗೋರಿಗಳಲ್ಲಿ ಈಟಿ, ಕತ್ತಿ, ಕೊಡಲಿ ಸಿಗುತ್ತವೆ. ಎರಡು ಸಾವಿರ ವರ್ಷ ಮಣ್ಣಲ್ಲಿ ಉಳಿದ ಕಬ್ಬಿಣ, ಹೊರಗೆ ತೆಗೆದ ಮೇಲೆ ಒಂದೆರಡು ಮಳೆಗಾಲದಲ್ಲೇ ಪುಡಿಯಾಗಬಹುದು.

ಕಾರಣ ಉಪ್ಪು. ಮಣ್ಣಿನ ಕ್ಲೋರೈಡ್ ತುಕ್ಕಿನ ಒಳಗೆ ಸೇರಿ ಕೂತಿರುತ್ತದೆ, ತೇವದ ಗಾಳಿ ತಗುಲಿದ ಕೂಡಲೇ ಮತ್ತೆ ಕೆಲಸ ಶುರು ಮಾಡುತ್ತದೆ. ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಹನಿಗಳು ಮೂಡುತ್ತವೆ. ಆಮೇಲೆ ಬಿರುಕು, ಆಮೇಲೆ ಹಪ್ಪಳದ ಹಾಗೆ ಪದರ ಪದರ ಕಿತ್ತು ಬೀಳುತ್ತದೆ.

ನಮ್ಮ ಕಡೆ ಒಬ್ಬರು ಹೊಲದಲ್ಲಿ ಸಿಕ್ಕ ಕುಡುಗೋಲನ್ನು ಪ್ರೀತಿಯಿಂದಲೇ ಕಲ್ಲಿಗೆ ಉಜ್ಜಿದ್ದರು. ತುಕ್ಕು ಹೋಯಿತು, ಅದರ ಜೊತೆ ಬಾಯಿಯೂ ಹೋಯಿತು. ವಸ್ತುವಿನ ಮೂಲ ಆಕಾರ ಉಳಿದಿರುವುದೇ ಆ ತುಕ್ಕಿನ ಒಳಗೆ. ಕೆಲವೊಮ್ಮೆ ಹಿಡಿಯ ಮರದ ಎಳೆ ಕೂಡ ಅದರಲ್ಲೇ ಅಚ್ಚಾಗಿರುತ್ತದೆ, ನೋಡಿದರೆ ಮೈ ಜುಂ ಅನ್ನುತ್ತದೆ. ಹಾಗಾಗಿ ತೊಳೆಯಬೇಡಿ, ಎಣ್ಣೆ ಹಚ್ಚಬೇಡಿ. ಸಿಕ್ಕ ಜಾಗದ ಫೋಟೊ ತೆಗೆದು, ಒಣ ಡಬ್ಬಿಯಲ್ಲಿಟ್ಟು, ಜಿಲ್ಲಾಡಳಿತಕ್ಕೆ ತಿಳಿಸಿ.

ಮುಂದಿನದು ಪ್ರಯೋಗಾಲಯದ ಕೆಲಸ, ಮನೆಯಲ್ಲಿ ಮಾಡುವಂಥದ್ದಲ್ಲ. ಮೊದಲು ಎಕ್ಸ್‌ರೇ. ಒಳಗೆ ಲೋಹ ಎಷ್ಟು ಉಳಿದಿದೆ ಅಂತ ಗೊತ್ತಾಗಬೇಕು ಅಲ್ವಾ? ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಚಿಕ್ಕ ಚಾಕುವಿನಿಂದ ಹೊರಗಿನ ಮಣ್ಣುಗಂಟನ್ನು ಮಾತ್ರ ಬಿಡಿಸುತ್ತಾರೆ.

ಗಟ್ಟಿ ಇರುವ ವಸ್ತುವನ್ನು ಸೋಡಿಯಂ ಹೈಡ್ರಾಕ್ಸೈಡ್ (ಕಾಸ್ಟಿಕ್ ಸೋಡಾ) ನೀರಿನಲ್ಲಿ ಮುಳುಗಿಸಿಡುತ್ತಾರೆ, ಲೀಟರಿಗೆ ಸುಮಾರು 20 ಗ್ರಾಂ. ಉಪ್ಪು ನಿಧಾನಕ್ಕೆ ಹೊರಗೆ ಬರುತ್ತದೆ. ಆ ನೀರು ಸ್ವಲ್ಪ ತೆಗೆದು, ನೈಟ್ರಿಕ್ ಆಮ್ಲ ಬೆರೆಸಿ, ಸಿಲ್ವರ್ ನೈಟ್ರೇಟ್ ಹನಿ ಹಾಕಿದಾಗ ಹಾಲಿನ ಹಾಗೆ ಬೆಳ್ಳಗಾದರೆ ಉಪ್ಪು ಇನ್ನೂ ಬರುತ್ತಿದೆ ಅಂತ ಅರ್ಥ. ನೀರು ಬದಲಿಸಬೇಕು, ಮತ್ತೆ ಕಾಯಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ, ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ಸುಮ್ನೆ.

ಶುದ್ಧ ನೀರಲ್ಲಿ ಚೆನ್ನಾಗಿ ತೊಳೆದು ಒಣಗಿಸಿದ ಮೇಲೆ ಟ್ಯಾನಿಕ್ ಆಮ್ಲ ಬಳಿಯುತ್ತಾರೆ, ಕೆಂಪು ತುಕ್ಕು ನೀಲಿಗಪ್ಪಾಗುತ್ತದೆ. ಮೇಲೆ ತೆಳುವಾಗಿ ಮೇಣ.

ಇಷ್ಟಾದರೂ ಒಂದಿಷ್ಟು ಉಪ್ಪು ಒಳಗೆ ಉಳಿದೇ ಇರುತ್ತದೆ. ಅದಕ್ಕೇ ಗಾಳಿಯಾಡದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ತೇವಾಂಶ ಶೇ 20ಕ್ಕಿಂತ ಕಡಿಮೆ. ಕಲಬುರಗಿ, ಯಾದಗಿರಿಯ ಬೇಸಿಗೆ ಒಣ ಅಂತ ನಂಬಿ ಕೂರಬೇಡಿ, ಶ್ರಾವಣದಲ್ಲಿ ಡಬ್ಬಿ ಮೇಲೆ ಕಣ್ಣಿಡಿ. ಕೆಂಪು ಹನಿ ಮತ್ತೆ ಕಂಡರೆ ಪ್ರಯೋಗಾಲಯದಲ್ಲಿ ಮೇಣ ತೆಗೆದು, ಕಾಸ್ಟಿಕ್ ಸೋಡಾ ನೀರಿನಿಂದಲೇ ಪುನಃ ಶುರು ಮಾಡಬೇಕು.